ಮಣ್ಣಿನ ಪಾಲು

ಆಸ್ಪತ್ರೆಯ ಹಿತ್ತಲಲ್ಲಿ, ಗಿಡವಿಲ್ಲ ಬಳ್ಳಿಯಿಲ್ಲ, ಬರೀ ಒಂದು ಗುಂಡಿಗೆ ದಿನಾ ಎರಡು ಬಕೆಟ್ ನೀರು ಹೊಯ್ಯುವವಳನ್ನು ಜನ ಸುಮ್ಮನೆ ಬಿಟ್ಟಾರೆಯೇ? ‘ಅರ್ಥಿಂಗ್ ಅಕ್ಕ’ ಎಂದು ಹೆಸರಿಟ್ಟರು. ವಾಚ್‌ಮನ್‌ನದು ಇಪ್ಪತ್ತು ವರ್ಷದಿಂದ ಒಂದೇ ಜೋಕು: “ಅಕ್ಕಾ, ಫಸಲು ಯಾವಾಗ?” ಆಕೆಯದೂ ಒಂದೇ ಉತ್ತರ: “ಬರದೇ ಇರ್ಲಿ ಅಂತಾನೇ ನೀರು ಹಾಕ್ತಿರೋದು.”

ಅಕ್ಕ ಅಲ್ಲಿನ ಜನರೇಟರ್ ಆಪರೇಟರ್. ಕರೆಂಟು ಹೋದರೆ ಮೂರು ಜನರೇಟರ್‌ಗಳು ಹೆಗಲಿಗೆ ಹೆಗಲು ಕೊಟ್ಟು ಇಡೀ ಆಸ್ಪತ್ರೆಯನ್ನು ಹೊರಬೇಕು. ಮೂರರ ನ್ಯೂಟ್ರಲ್ ತಂತಿಯನ್ನೂ ಒಟ್ಟಿಗೆ ನೆಲಕ್ಕೆ ಕಟ್ಟಿದರೆ ಅವು ತಮ್ಮತಮ್ಮಲ್ಲೇ ಕರೆಂಟು ಸುತ್ತಿಸಿಕೊಂಡು ಬಿಸಿಯಾಗುತ್ತವೆ. ಅದಕ್ಕೇ ಒಂದರದನ್ನು ಮಾತ್ರ ಆ ಗುಂಡಿಗೆ ಕಟ್ಟುವುದು. ಯಾವುದರ ಮೈಗೆ ಕರೆಂಟು ಸೋರಿದರೂ ಮಣ್ಣು ಹಾಯ್ದು ಅದೇ ದಾರಿಯಲ್ಲಿ ಹಿಂದಿರುಗಬೇಕು. ಆಗಷ್ಟೇ ಕಾವಲಿನ ರಿಲೇಗೆ ಗೊತ್ತಾಗಿ, ಸೋರಿದ ಮೆಷಿನ್ನನ್ನು ನಿಲ್ಲಿಸುತ್ತದೆ. ಮಣ್ಣು ಒಣಗಿತೋ, ರಿಲೇಗೆ ಕುಂಭಕರ್ಣನ ನಿದ್ದೆ. ಆ ಮೆಷಿನ್‌ಗಳ ಮೈಯನ್ನು ದಿನಾ ಒದ್ದೆ ಬಟ್ಟೆಯಲ್ಲಿ ಒರೆಸುವವಳು ಅಕ್ಕನ ಒಡಹುಟ್ಟಿದ ತಂಗಿ.

ಅಕ್ಕ ತನ್ನ ಕಣ್ಣಿನ ಆಪರೇಷನ್ನಿಗೆಂದು ಹಾಕಿದ್ದ ಹದಿನೈದು ದಿನದ ರಜೆ ಮುಗಿಸಿ ಬಂದರೆ, ಹಿತ್ತಲ ತುಂಬ ಫಳಫಳ ಹೊಳೆಯುವ ಟೈಲ್ಸ್. ಗುಂಡಿಯ ಸುಳಿವೇ ಇಲ್ಲ. ಮಣ್ಣು ಒಣಗಿದಷ್ಟೂ ಏರುವ, ಅಲ್ಲಿವರೆಗೆ ಒಂದು ಓಮ್ ಕೂಡ ದಾಟದಿದ್ದ ಅರ್ಥಿಂಗ್ ಮೀಟರ್ ಈಗ ಹದಿನೇಳು ತೋರಿಸಿತು.

“ಸಾರ್, ಗುಂಡಿ ತೆಗೀಬೇಕು,” ಎಂದಳು ಮ್ಯಾನೇಜರಿಗೆ.

“ನಾಳಿದ್ದು ಹೊಸ ವಾರ್ಡಿನ ಉದ್ಘಾಟನೆ ಕಣಮ್ಮ. ಅದು ಮುಗೀಲಿ, ನೋಡೋಣ.”

“ಅಲ್ಲಿವರೆಗೂ ಕರೆಂಟು ಕಾಯುತ್ತಾ ಸಾರ್?”

“ಟೈಲ್ಸ್ ಮುಟ್ಟಿದ್ರೆ ನಾಳೆಯಿಂದ ಕೆಲಸಕ್ಕೆ ಬರ್ಬೇಡಿ.”

ರಿಟೈರಾಗಲು ಇನ್ನು ಎಂಟೇ ತಿಂಗಳು. ಅಕ್ಕನಿಗೆ ಹೆದರಿಕೆಯಾಗಲಿಲ್ಲ ಎಂದರೆ ಸುಳ್ಳಾದೀತು. ಕಾಲು ಮಾತ್ರ ತನ್ನ ಪಾಡಿಗೆ ಲೆಕ್ಕ ಹಾಕುತ್ತಿತ್ತು: ಮೂರನೇ ಜನರೇಟರಿನ ಬಾಗಿಲಿಂದ ಗುಂಡಿಗೆ ಏಳು ಹೆಜ್ಜೆ. ಅಲ್ಲಿ ನಿಂತು ಹಾರೆ ಎತ್ತಿ ಕುಕ್ಕಿದಳು.

“ಅಯ್ಯೋ, ಎಲ್ಲಾ ಮಣ್ಣುಪಾಲು ಮಾಡಿದ್ರಲ್ಲ,” ಎಂದು ಮ್ಯಾನೇಜರು ತಲೆ ಹಿಡಿದುಕೊಂಡರು.

“ಮಣ್ಣುಪಾಲೇ ಆಗ್ಬೇಕು ಸಾರ್. ಸೋರಿದ ಕರೆಂಟು ಮಣ್ಣಿನ ಪಾಲಾಗದೆ ಹೋದ್ರೆ ನನ್ನ ತಂಗಿ ಪಾಲಿಗೆ ಬರುತ್ತೆ.”

ಸಂಜೆಯೊಳಗೆ ಮೆಮೊ ಬಂತು: ಉದ್ಘಾಟನೆ ಮುಗಿದ ಮೇಲೆ ಆಕೆಯ ವಿಚಾರಣೆ. ಅಕ್ಕ ಸಹಿ ಹಾಕಿ, ಮತ್ತೆ ಬಕೆಟ್ ಎತ್ತಿದಳು. ಎರಡು ದಿನ ಬಿಡದೆ ನೀರು ಹೊಯ್ದ ಮೇಲೆ ಮೀಟರ್ ಒಂದೂವರೆಗೆ ಇಳಿಯಿತು. ಒಡೆದ ಜಾಗ ಕಾಣದಿರಲೆಂದು ಮ್ಯಾನೇಜರು ಅದರ ಮೇಲೆ ಹೂಕುಂಡ ಇಡಿಸಿದ್ದರು. ಉದ್ಘಾಟನೆಯ ಬೆಳಿಗ್ಗೆ ಅಕ್ಕ ಅದನ್ನು ಪಕ್ಕಕ್ಕೆ ಸರಿಸಿ ಎರಡು ಬಕೆಟ್ ಹೊಯ್ದಳು. ಅಷ್ಟರಲ್ಲಿ ಕರೆಂಟು ಹೋಯಿತು. ಮೂರೂ ಜನರೇಟರ್ ಗುಡುಗಿ ಎದ್ದವು.

ಹತ್ತು ನಿಮಿಷವಾಗಿರಬೇಕು. ನಡುವಿನದು ‘ಧಡ್’ ಎಂದು ನಿಂತಿತು. ಉಳಿದೆರಡು ಅದರ ಹೊರೆಯನ್ನೂ ಹೊತ್ತವು; ವಾರ್ಡಿನ ದೀಪ ಮಿಣುಕಲೂ ಇಲ್ಲ. ಅಕ್ಕ ಓಡಿದಳು, ಹಿಂದೆ ಮ್ಯಾನೇಜರು. ಪ್ಯಾನೆಲ್ಲಿನ ಮೇಲೆ ‘ಅರ್ಥ್ ಫಾಲ್ಟ್’ ಎಂಬ ಕೆಂಪು ದೀಪ ಉರಿಯುತ್ತಿತ್ತು.

ನಿಂತ ಮೆಷಿನ್ನಿನ ಮೈಗೆ ಒದ್ದೆ ಬಟ್ಟೆ ಒತ್ತಿ ಹಿಡಿದುಕೊಂಡು, ತಂಗಿ ಬೈಗುಳಕ್ಕೆ ಸಿದ್ಧಳಾಗಿ ನಿಂತಿದ್ದಳು.

“ನಾನೇನೂ ಮುಟ್ಟಿಲ್ಲ ಕಣಕ್ಕ,” ಎಂದಳು. “ಬರೀ ಒರೆಸ್ತಿದ್ದೆ.”