ಕೆಂಪು ಬಾವುಟದ ಗೂಡುಗಳು

ಬಸ್ ಡಿಪೋದ ಹಿಂಗೋಡೆಗೂ ಕೆರೆಯ ನೀರಿಗೂ ನಡುವೆ ಒಂದು ಬೋಳು ಬಯಲಿತ್ತು. ಪುರಸಭೆಯ ಕಡತದಲ್ಲಿ ಅದರ ಹೆಸರು ‘ಖಾಲಿ ಜಾಗ’. ಆ ಮಾತು ಶುದ್ಧ ಸುಳ್ಳು. ಪ್ರತಿ ಬೇಸಿಗೆಯಲ್ಲೂ ಅಲ್ಲಿ ಟಿಟ್ಟಿಭ ಹಕ್ಕಿಗಳು ಮೊಟ್ಟೆಯಿಡುತ್ತಿದ್ದವು. ಟಿಟ್ಟಿಭ ಮರದ ಮೇಲೆ ಗೂಡು ಕಟ್ಟುವ ಹಕ್ಕಿಯಲ್ಲ. ನೆಲದಲ್ಲೇ ಒಂದು ಗುಳಿ ತೋಡಿ, ಸುತ್ತ ಹರಳು ಜೋಡಿಸಿ, ಹರಳಿನದೇ ಬಣ್ಣದ ಮೊಟ್ಟೆಗಳ ಮೇಲೆ ಕೂರುತ್ತದೆ. ಕಣ್ಣಿಗೆ ಬೀಳದಿರುವುದೇ ಅದರ ಕೋಟೆ.

ಬಯಲಿಗೆ ಎದುರಾದ ಮನೆಯ ಮುಂಗೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದವರು ದರ್ಜಿಯಕ್ಕ. ಒಳಕೋಣೆಯಲ್ಲಿ ಅವರ ಒಡಹುಟ್ಟಿದ ಅಕ್ಕ. ಟೆಲಿಫೋನ್ ಕಚೇರಿಯಲ್ಲಿ ಕರೆ ಜೋಡಿಸುತ್ತ ಆಯುಷ್ಯ ಸವೆಸಿ, ಸಕ್ಕರೆ ಕಾಯಿಲೆಗೆ ಎರಡೂ ಕಣ್ಣು ತೆತ್ತವರು. ಇಬ್ಬರೂ ಊರಿನ ಹಕ್ಕಿ ವೀಕ್ಷಕರ ಗುಂಪಿನಲ್ಲಿದ್ದರು. “ನನ್ನ ಕಿವಿ, ನಿನ್ನ ಕಣ್ಣು. ಇಬ್ರನ್ನೂ ಸೇರಿಸಿ ಹೊಲಿದ್ರೆ ಒಬ್ಬ ಪೂರಾ ಮನುಷ್ಯೆ ಆಗ್ತಾಳೆ ಕಣೇ,” ಎಂದು ಅಕ್ಕ ನಗುತ್ತಿದ್ದರು.

ಗುಂಪಿಗೆ ಒಂದು ಕಟ್ಟುನಿಟ್ಟಿತ್ತು. ಗೂಡಿನ ಹತ್ತಿರ ಯಾವ ಗುರುತನ್ನೂ ಇಡುವಂತಿಲ್ಲ. ಡಿಪೋದ ಇಂಥ ದೀಪದ ಕಂಬವೂ ಆಚೆ ದಡದ ಒಂಟಿ ಮರವೂ ಒಂದೇ ಗೆರೆಗೆ ಬರುವಲ್ಲಿ ಗೂಡು ಎಂದು ಮನಸ್ಸಿನಲ್ಲೇ ನೆನಪಿಟ್ಟುಕೊಳ್ಳಬೇಕು. ದರ್ಜಿಯಕ್ಕನ ತಲೆಯಲ್ಲಿ ಆ ಗೆರೆಗಳೆಲ್ಲ ಅಳತೆ ತೆಗೆದ ಬಟ್ಟೆಯಂತೆ ಮಡಿಸಿಟ್ಟಿದ್ದವು.

ಆ ಬೇಸಿಗೆ ಬಯಲನ್ನು ಸಮತಟ್ಟು ಮಾಡಿ ಬಸ್ಸು ನಿಲ್ಲಿಸಲು ಪುರಸಭೆ ನಿಶ್ಚಯಿಸಿತು. ಗುಂಪಿನವರು ಹೋಗಿ ಬೇಡಿಕೊಂಡರು. ಇಂಜಿನಿಯರ್ ಒಳ್ಳೆಯ ಮಾತಿನ ಮನುಷ್ಯ.

“ನೀರಿನ ಕಡೆಯ ಪಟ್ಟೆಯಲ್ಲಿ ಈ ಸಲ ಮರಿ ಓಡಾಡಿದ್ದನ್ನ ನಾನು ಕಣ್ಣಾರೆ ನೋಡಿದ್ರೆ, ಅಷ್ಟು ಜಾಗಕ್ಕೆ ಬೇಲಿ ಹಾಕಿ ಬಿಟ್ಟುಬಿಡ್ತೀನಮ್ಮ. ಆದ್ರೆ ಕಂಬ, ಮರ ಅಂದ್ರೆ ನಮ್ಮ ರೋಲರ್ ಡ್ರೈವರ್‌ಗೆ ಏನು ಗೊತ್ತಾಗತ್ತೆ? ಒಂದೊಂದು ಗೂಡಿಗೂ ಒಂದೊಂದು ಕೆಂಪು ಬಾವುಟ ನೆಡಿ. ಬಾವುಟ ಇಲ್ಲದ ಗೂಡಿಗೆ ನಾನು ಹೊಣೆ ಅಲ್ಲ.”

“ಗುರುತು ಇಡಬಾರ್ದು ಅಂತ ನಾವೇ ಹೇಳ್ಕೊಂಡು ಬಂದಿದ್ದೀವಲ್ಲ,” ಎಂದು ಗುಂಪಿನ ಹಿರಿಯರೊಬ್ಬರು ಗೊಣಗಿದರು.

“ರೋಲರ್‌ಗೆ ನಮ್ಮ ಕಟ್ಟುನಿಟ್ಟು ಗೊತ್ತೇನು?” ಎಂದರು ದರ್ಜಿಯಕ್ಕ. “ಬಟ್ಟೆ ಕಾಣತ್ತೆ. ಮೊಟ್ಟೆ ಕಾಣಲ್ಲ.”

ಮೊಟ್ಟೆ ಕಾಣದಿರುವುದೇ ಸರಿ ಎಂದು ಹೊಸಬರಿಗೆ ಪಾಠ ಹೇಳುತ್ತಿದ್ದವರೂ ಅವರೇ. ಬಯಲು ಉಳಿಯುವ ಆಸೆಯಲ್ಲಿ ಆ ಕ್ಷಣ ಅದು ನೆನಪಿಗೆ ಬರಲಿಲ್ಲ.

ಕೆಂಪು ಬಟ್ಟೆಯ ಅಂಚನ್ನು ಗಾಳಿಗೆ ಬಿಚ್ಚದಂತೆ ಎರಡೆರಡು ಮಡಿಕೆ ಮಡಿಸಿ ಹೊಲಿಯತೊಡಗಿದರು.

“ಹಕ್ಕಿಗೆ ಲಂಗ ಹೊಲೀತಿದ್ದೀಯೇನೇ?” ಒಳಗಿನಿಂದ ಅಕ್ಕ ಕೇಳಿದರು.

“ಹೂಂ, ಅಳತೆ ಕೊಡೋಕೆ ಬಂದಿತ್ತು. ಸೊಂಟ ಸಣ್ಣ, ಬಾಯಿ ಮಾತ್ರ ನಿನ್ನಂಗೇ ದೊಡ್ಡದು.”

ಬಾವುಟಗಳು ಎದ್ದವು. ರೋಲರ್ ಅವುಗಳನ್ನು ತಪ್ಪಿಸಿಕೊಂಡೇ ಓಡಾಡಿತು. ದರ್ಜಿಯಕ್ಕ ಕಿಟಕಿಯಿಂದ ನೋಡಿ ಹಿಗ್ಗಿದರು. ಒಂದು ಬಾವುಟದ ಕೋಲಿನ ತುದಿಯಲ್ಲಿ ಕಾಗೆ ಕೂತಿದ್ದೂ ಅವರಿಗೆ ಕಂಡಿತ್ತು. ಕಾಗೆ ಕೂರದ ಕೋಲು ಲೋಕದಲ್ಲಿ ಎಲ್ಲಿದೆ ಎಂದುಕೊಂಡು ಸುಮ್ಮನಾದರು.

ಒಂದು ಬೆಳಿಗ್ಗೆ ಅಕ್ಕ ಮಂಚದ ಮೇಲೆ ಎದ್ದು ಕೂತರು. “ಬೇಗ ಹೋಗೇ. ಹಕ್ಕಿಗಳು ನಾಯಿ ಕಂಡು ಕೂಗೋ ಕೂಗಲ್ಲ ಇದು. ಮೇಲಿಂದ ಏನೋ ಬಂದಿದೆ.”

ಯಾರದೋ ರವಿಕೆಯನ್ನು ಸೂಜಿಯ ಕೆಳಗೇ ಬಿಟ್ಟು ದರ್ಜಿಯಕ್ಕ ಓಡಿದರು. ಕಾಗೆಗಳು ಅಂಗಡಿಯಿಂದ ಅಂಗಡಿಗೆ ಹೋಗುವ ಗಿರಾಕಿಗಳಂತೆ ಬಾವುಟದಿಂದ ಬಾವುಟಕ್ಕೆ ಹೋಗುತ್ತಿದ್ದವು. ಕೆಂಪು ಬಟ್ಟೆಯ ಬುಡದಲ್ಲಿ ತಿಂಡಿಯಿದೆ ಎಂಬುದನ್ನು ಅವು ಕಲಿತಿದ್ದವು. ಕೂತು ನೋಡಲು ಕೋಲೂ ಒದಗಿತ್ತು. ಪ್ರತಿ ಕೋಲಿನ ಬಳಿಯೂ ಒಡೆದ ಚಿಪ್ಪು. ನೀರಿನಂಚಿನ ಒಂದೇ ಒಂದು ಗುಳಿಯಲ್ಲಿ ಮೊಟ್ಟೆಗಳು ಇನ್ನೂ ಬೆಚ್ಚಗಿದ್ದವು.

ಅವರು ಆ ಬಾವುಟವನ್ನು ಕಿತ್ತರು. ಉಳಿದವನ್ನೂ ಕಿತ್ತರು. ಕೋಲುಗಳನ್ನು ಕಂಕುಳಲ್ಲಿ ಅವುಚಿಕೊಂಡೇ ಪುರಸಭೆಗೆ ನಡೆದರು. ಇಂಜಿನಿಯರ್ ರಜೆಯಲ್ಲಿದ್ದರು. ಗುಮಾಸ್ತ ಕತ್ತೆತ್ತದೆ ಕೇಳಿಸಿಕೊಂಡ.

“ಒಂದು ಗೂಡು ಉಳಿದಿದೆಯಪ್ಪ. ಬಾವುಟ ಇಲ್ಲ ಅಂತ ಡ್ರೈವರ್ ಹತ್ತಿಸಿಬಿಟ್ಟಾನು. ನೀರಿನ ಕಡೆ ಹೋಗಬೇಡ ಅಂತ ಹೇಳ್ತೀಯಲ್ಲ?”

“ಹೇಳ್ತೀನಿ ಹೋಗಮ್ಮ. ಬೆಳಗಾದ್ರೆ ಒಬ್ಬರಲ್ಲ ಒಬ್ಬರು ಕಾಗೆ, ಗುಬ್ಬಿ ಅಂತ ಬರ್ತೀರಿ.”

ಅವನು ಹೇಳಲಿಲ್ಲ. ಈ ಸಂಗತಿಯನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಡಿಪೋಗೆ ಒಂದು ಫೋನ್ ಮಾಡಿದ್ದರೆ ಸಾಕಾಗಿತ್ತು. ಫೋನ್ ಅವನ ಮೊಣಕೈ ಪಕ್ಕದಲ್ಲೇ ಇತ್ತು.

ಮರುದಿನ ರೋಲರಿನ ಸದ್ದು ನೀರಿನ ಕಡೆಗೆ ತಿರುಗಿದಾಗ ದರ್ಜಿಯಕ್ಕ ಕೂಗುತ್ತಲೇ ಓಡಿದರು. ಯಂತ್ರದ ಗದ್ದಲದಲ್ಲಿ ಡ್ರೈವರನಿಗೆ ಏನೂ ಕೇಳಿಸಲಿಲ್ಲ. ಕೇಳಿಸಿದಾಗ ಅವನು ಇಳಿದು ಬಂದು, ಚಕ್ರದ ಹಿಂದಿನ ನುಣ್ಣನೆಯ ನೆಲ ನೋಡಿ, ಟೋಪಿ ತೆಗೆದ.

“ಬಾವುಟ ಇರ್ಲಿಲ್ಲ ಅಕ್ಕ. ಮರಿ ಎದ್ದು ಹೋದ್ವು, ಅದಕ್ಕೆ ನೀವೇ ತೆಗೆದಿರಿ ಅಂದ್ಕೊಂಡೆ. ಖುಷಿನೂ ಪಟ್ಟೆ.”

ರಜೆ ಮುಗಿಸಿ ಬಂದ ಇಂಜಿನಿಯರ್ ಕೂಡ ಅದನ್ನೇ ಹೇಳಿದರು: ಬಾವುಟ ಇರಲಿಲ್ಲ, ಮರಿಯೂ ಕಾಣಲಿಲ್ಲ. ನೀರಿನಂಚಿನವರೆಗೂ ಜಲ್ಲಿ ಬಿತ್ತು. ಬಾವುಟವಿದ್ದ ಗೂಡುಗಳಿಗೆ ಏನಾಯಿತೆಂದು ಆ ಕಚೇರಿಯಲ್ಲಿ ಒಬ್ಬರೂ ಕೇಳಲಿಲ್ಲ.

ಟಿಟ್ಟಿಭಗಳು ಕೂಡಲೇ ಹೋಗಲಿಲ್ಲ. ಜಲ್ಲಿಯ ಮೇಲೆ ಸುತ್ತುತ್ತ, ಇಳಿಯುತ್ತ, ಮತ್ತೆ ಏಳುತ್ತ ಕೂಗುತ್ತಲೇ ಇದ್ದವು. ನಡೆದುದನ್ನು ದರ್ಜಿಯಕ್ಕ ಇನ್ನೂ ಅಕ್ಕನಿಗೆ ಹೇಳಿರಲಿಲ್ಲ.

“ಇನ್ನೂ ಕೂಗ್ತಿದಾವಲ್ಲೇ. ಆ ನೀರಂಚಿನ ಗೂಡು ಇದೆ ತಾನೇ?”

“ಇದೆ ಅಕ್ಕ.”

ಅಕ್ಕ ಬಹಳ ಹೊತ್ತು ಕಿಟಕಿಯ ಕಡೆ ಕಿವಿ ಕೊಟ್ಟಿದ್ದರು. ಆಮೇಲೆ ಕೈಚಾಚಿ, ತಡವರಿಸಿ, ತಂಗಿಯ ಮಣಿಕಟ್ಟು ಹಿಡಿದುಕೊಂಡರು.

“ಆ ಕಡೆ ಯಾರೂ ಎತ್ತದ ಕರೆ ಹೇಗಿರತ್ತೆ ಅಂತ ನನಗೆ ಗೊತ್ತಿಲ್ವೇನೇ?” ಎಂದರು. “ಕಿಟಕಿ ಹಾಕಿಬಿಡು.”

ದರ್ಜಿಯಕ್ಕ ಎದ್ದು ಹೋದರು. ಕಿಟಕಿಯ ಕದಕ್ಕೆ ಕೈಯಿಟ್ಟು ನಿಂತರು. ಹಕ್ಕಿಗಳು ಇನ್ನೂ ಕೂಗುತ್ತಿದ್ದವು. ಅವುಗಳ ಮುಖದ ಮೇಲೆ ಕದ ಹಾಕಲು ಅವರಿಂದ ಆಗಲಿಲ್ಲ.