ತಂಪು ಕೋಣೆಯ ಯಜಮಾನ

ಇಪ್ಪತ್ತು ವರ್ಷ ಬಿಸಿ ಎಂಜಿನ್ನಿನ ಪಕ್ಕ ಕೂತು ಬಸ್ಸು ಓಡಿಸಿದ ಡ್ರೈವರಿಗೆ ಮನೆಯಲ್ಲಾದರೂ ತಂಪಾಗಿ ಮಲಗುವ ಆಸೆ. ಎರಡು ಭಾನುವಾರ ಏಣಿ ಹತ್ತಿ, ತಗಡಿನ ಸೂರಿನ ಒಳಗೆಲ್ಲ ಥರ್ಮೋಕೋಲ್ ಹಾಳೆ ಕೂರಿಸಿದ; ಕಿಟಕಿ ಬಾಗಿಲ ಸಂದುಗಳಿಗೆ ರಬ್ಬರ್ ಪಟ್ಟಿ ಅಂಟಿಸಿದ. ಕೋಣೆ ನಿಜಕ್ಕೂ ತಣ್ಣಗಾಯಿತು, ಫ್ಯಾನ್ ಕೂಡ ಬೇಕಾಗಲಿಲ್ಲ. ಹೆಂಡತಿ ಹಿಗ್ಗಿ ಹೀರೇಕಾಯಿಯಾಗಿ ಸುದ್ದಿಯನ್ನು ತವರಿಗೂ ಮುಟ್ಟಿಸಿದಳು.

ಮರುದಿನ ಅವನು ಬೆಳಗಿನ ಪಾಳಿ ಮುಗಿಸಿ ಬಂದಾಗ ಅತ್ತೆ, ಮಾವ, ನಾದಿನಿ, ಅವಳ ಮಕ್ಕಳು ಕೋಣೆಯ ತುಂಬ ಮಲಗಿದ್ದರು. ಕಾಲಿಡಲೂ ಜಾಗವಿರಲಿಲ್ಲ.

ನಾದಿನಿ ಅರೆಗಣ್ಣು ತೆರೆದು, "ಭಾವ, ಬೇಗ ಬಾಗಿಲು ಹಾಕಿ, ಸೆಕೆ ಒಳಗೆ ಬರುತ್ತೆ," ಎಂದಳು.

ಡ್ರೈವರು ಹೊರಗೇ ನಿಂತು ಬಾಗಿಲೆಳೆದುಕೊಂಡ. ಕಾದ ಮೆಟ್ಟಿಲ ಮೇಲೆ ಕೂತು, "ಕೆಲಸ ಮಾತ್ರ ಅಚ್ಚುಕಟ್ಟಾಗಿದೆ," ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡ.