ಮೊಹರಿನ ಕೆಳಗಿನ ನಾಲ್ಕು ಸಾಲು

ಕೊಡ್ಲಿಪೇಟೆಯ ನಾಗಾರ್ಜುನ, ಹಾರಂಗಿ ವಿಶ್ವವಿದ್ಯಾಲಯದ ಜಾಲತಾಣವನ್ನು ಹನ್ನೊಂದು ವರ್ಷದಿಂದ ಗುತ್ತಿಗೆಯ ಮೇಲೆ ನೋಡಿಕೊಳ್ಳುತ್ತಿದ್ದ. ಹುದ್ದೆಗೊಂದು ಹೆಸರಿಲ್ಲದ ಕಾರಣ ಕಚೇರಿಯಲ್ಲಿ ಅವನನ್ನೇ 'ವೆಬ್‌ಸೈಟು' ಎನ್ನುತ್ತಿದ್ದರು. ವೆಬ್‌ಸೈಟು ಊಟಕ್ಕೆ ಹೋಗಿದೆ ಎಂದರೆ ಯಾರಿಗೂ ವಿಚಿತ್ರ ಅನ್ನಿಸುತ್ತಿರಲಿಲ್ಲ.

ಕುಲಸಚಿವ ಮರುಳಸಿದ್ದಪ್ಪನವರಿಗೆ ಜಾಲತಾಣವೆಂದರೆ ಗಾಜು ಹಾಕಿದ ನೋಟೀಸ್ ಬೋರ್ಡು. ಸುತ್ತೋಲೆಗೆ ಹಸಿರು ಶಾಯಿಯಲ್ಲಿ ಸಹಿ ಮಾಡಿ, ಮೊಹರು ಒತ್ತಿ, ಆ ಹಾಳೆಯ ಚಿತ್ರವನ್ನೇ ಅದರಲ್ಲಿ ಹಾಕಬೇಕು. ಮೊಹರು ಓರೆಯಾದರೆ ಇನ್ನೊಂದು ಹಾಳೆ. ಸಹಿ ಸ್ಪಷ್ಟವಾಗಿ ಕಾಣಲೇಬೇಕು. ಒಕ್ಕಣೆ ಕಂಡರೆ ಒಳ್ಳೆಯದು.

ನಾಗಾರ್ಜುನನ ಊರಿನವಳೇ ಆದ ಕುಸುಮಾ ಅದೇ ವಿಶ್ವವಿದ್ಯಾಲಯದ ಬಿ.ಎ. ಎರಡನೇ ವರ್ಷದಲ್ಲಿದ್ದಳು. ಹುಟ್ಟಿನಿಂದ ಕಣ್ಣು ಕಾಣದು. ಪರದೆಯ ಮೇಲಿನ ಅಕ್ಷರಗಳನ್ನು ಅವಳ ಫೋನೇ ಓದಿ ಹೇಳುತ್ತಿತ್ತು. ಒಂದು ದಿನ ಅವಳು ನಾಗಾರ್ಜುನನಿಗೆ ಕರೆ ಮಾಡಿದಳು.

"ಅಣ್ಣಾ, ನಿಮ್ ಸೈಟಲ್ಲಿ ಯಾವ್ ನೋಟೀಸ್ ಮುಟ್ಟಿದ್ರೂ ಇದು 'ಚಿತ್ರ' ಅಂತಷ್ಟೇ ಹೇಳ್ತದೆ. ಅಲ್ಲಿ ಬರೀ ಫೋಟೋ ತೆಗಿಸ್ಕೊಳ್ಳೋದೇ ಕೆಲ್ಸನಾ?"

ನಾಗಾರ್ಜುನನಿಗೆ ನಾಚಿಕೆಯಾಯಿತು. ಅಂದಿನಿಂದ ಪ್ರತಿ ಚಿತ್ರದ ಕೆಳಗೂ ಒಕ್ಕಣೆಯನ್ನು ತಾನೇ ಟೈಪ್ ಮಾಡಿ ಹಾಕತೊಡಗಿದ. ಎರಡು ತಿಂಗಳಲ್ಲಿ ಅದು ಮರುಳಸಿದ್ದಪ್ಪನವರ ಕಣ್ಣಿಗೆ ಬಿತ್ತು.

"ಸಹಿ ಇಲ್ಲದ ಅಕ್ಷರಕ್ಕೆ ಯಾರ್ರೀ ಜವಾಬ್ದಾರಿ? ತೆಗೀರಿ ಅದನ್ನ."

ಅವನ ಗುತ್ತಿಗೆ ಮುಂದುವರಿಸುವ ಕಡತ ಅವರ ಮೇಜಿನ ಮೇಲೇ ಇತ್ತು. ಟೈಪ್ ಮಾಡಿದ್ದನ್ನೆಲ್ಲ ತೆಗೆದ. ಬದಲಿಗೆ ಪ್ರತಿ ಸುತ್ತೋಲೆಯನ್ನೂ ಕುಸುಮಾಳಿಗೆ ಫೋನಿನಲ್ಲಿ ಓದಿ ಹೇಳುತ್ತಿದ್ದ. ಈ ಏರ್ಪಾಡಿನ ಬಗ್ಗೆ ಒಳಗೊಳಗೇ ಹೆಮ್ಮೆಯೂ ಇತ್ತು. ಒಬ್ಬಳ ಪಾಲಿಗಾದರೂ ತಾನೇ ವಿಶ್ವವಿದ್ಯಾಲಯ ಎಂಬಂತೆ.

ಕುಸುಮಾಳ ಪರೀಕ್ಷೆಯ ಹಿಂದಿನ ದಿನ ಪರಿಶೀಲನಾ ತಂಡ ಬಂತು. 'ಸರ್ವರಿಗೂ ಸುಗಮ ಜಾಲತಾಣ' ಎಂಬುದರ ಮೇಲೆ ಮರುಳಸಿದ್ದಪ್ಪನವರು ಮುಕ್ಕಾಲು ಗಂಟೆ ಮಾತನಾಡಿದರು. ನಾಗಾರ್ಜುನ ಸ್ಲೈಡ್ ಬದಲಿಸುತ್ತ ನಿಂತ. ನಡುವೆ ಒಂದು ಹಾಳೆ ಅವನ ಕೈಗೆ ಬಂತು: ಕೊಡ್ಲಿಪೇಟೆಯ ಪರೀಕ್ಷಾ ಕೇಂದ್ರ ಸೋಮವಾರಪೇಟೆಗೆ ಬದಲಾಗಿದೆ. ಚಿತ್ರ ಹಾಕಿದ. ಆಮೇಲೆ ತಂಡದವರಿಗೆ ಕಾಫಿ, ಜೇನಿನ ಬಾಟಲಿ, ಶಾಲು. ಕುಸುಮಾಳಿಗೆ ಕರೆ ಮಾಡುವುದು ಮರೆತೇಹೋಯಿತು.

ಮರುದಿನ ಒಂಬತ್ತೂಮುಕ್ಕಾಲಿಗೆ ಅವಳೇ ಕರೆ ಮಾಡಿದಳು. ಕೇಂದ್ರಕ್ಕೆ ಬೀಗ ಹಾಕಿದೆ, ಅವ್ವನ ಜೊತೆ ಗೇಟಿನ ಹೊರಗೆ ನಿಂತಿದ್ದೇನೆ ಅಂದಳು. ಉಳಿದವರು ಚಿತ್ರ ನೋಡಿ ಬೆಳಿಗ್ಗೆಯೇ ಬಸ್ಸು ಹತ್ತಿದ್ದರು. ಪರೀಕ್ಷೆ ಹತ್ತಕ್ಕೆ; ದಾರಿ ನಡುವಿನ ಶನಿವಾರಸಂತೆ ಮುಟ್ಟುವಷ್ಟರಲ್ಲೇ ಗಂಟೆ ಹೊಡೆದಿರುತ್ತದೆ. ತಪ್ಪಾಯಿತು, ಇನ್ನು ಒಂದನ್ನೂ ಮರೆಯುವುದಿಲ್ಲ ಎಂದು ನಾಗಾರ್ಜುನ ತಡವರಿಸಿದ.

"ನೀವು ಹೇಳಿದ್ದು ಗೊತ್ತಾಗ್ತದೆ ಅಣ್ಣಾ," ಅಂದಳು ಕುಸುಮಾ. "ಹೇಳ್ದೇ ಇದ್ದಿದ್ದು ನಂಗೆ ಹೆಂಗೆ ಗೊತ್ತಾಗ್ಬೇಕು?"

ಅವನು ಹೋಗಿ ಮರುಳಸಿದ್ದಪ್ಪನವರ ಮುಂದೆ ಎಲ್ಲವನ್ನೂ ಒಪ್ಪಿಕೊಂಡ. ಅವರೇನೂ ಕಟುಕರಲ್ಲ. ಸಂಜೆಯೊಳಗೆ ಹೊಸ ಸುತ್ತೋಲೆ ಸಿದ್ಧವಾಯಿತು: ಕೇಂದ್ರ ಬದಲಾದದ್ದು ತಿಳಿಯದೆ ಪರೀಕ್ಷೆ ತಪ್ಪಿದವರು ಮೂರು ದಿನದೊಳಗೆ ಮರುಪರೀಕ್ಷೆಗೆ ಅರ್ಜಿ ಹಾಕಬಹುದು. ಹಸಿರು ಸಹಿ, ನೆಟ್ಟಗಿನ ಮೊಹರು. ಮಾಮೂಲಿನಂತೆ ಚಿತ್ರ.

ನಾಗಾರ್ಜುನ ಚಿತ್ರ ಹಾಕಿದ. ಅದರ ಕೆಳಗೆ, ಯಾರನ್ನೂ ಕೇಳದೆ, ಒಕ್ಕಣೆಯ ನಾಲ್ಕು ಸಾಲು ಟೈಪ್ ಮಾಡಿದ. ಕುಸುಮಾಳ ತಾಯಿ ಕಾಂತಮ್ಮನ ಫೋನಿಗೆ ಕರೆ ಮಾಡಿ, ಮಗಳು ಸೈಟು ತೆರೆದು ತಾನೇ ಓದಿಕೊಳ್ಳಲಿ ಎಂದಷ್ಟೇ ಹೇಳಿದ. ತುಸು ಹೊತ್ತಿಗೆ ಆ ತುದಿಯಲ್ಲಿ ಕುಸುಮಾಳ ಫೋನಿನ ಯಂತ್ರದ ದನಿ ಅವನ ಸಾಲುಗಳನ್ನು ಗಡಿಬಿಡಿಯಿಂದ ಓದತೊಡಗಿತು.

ಎರಡನೇ ಸಾಲಿಗೆ ಬಂದಾಗ ಕುಲಸಚಿವರ ಕೊಠಡಿಯಿಂದ ಇಂಟರ್‌ಕಾಮ್ ಬಡಿದುಕೊಂಡಿತು. ನಿಂತು, ಮತ್ತೆ ಬಡಿದುಕೊಂಡಿತು. ಗುತ್ತಿಗೆಯ ಕಡತ ಇನ್ನೂ ಅವರ ಮೇಜಿನ ಮೇಲೇ ಇತ್ತು. ನಾಗಾರ್ಜುನ ಇನ್ನೊಂದು ಕಿವಿಗೆ ಬೆರಳಿಟ್ಟುಕೊಂಡು, ನಾಲ್ಕನೇ ಸಾಲು ಮುಗಿಯುವವರೆಗೂ ಕಾದ.